ಮುಂದಿನ ಭಾಗಕ್ಕೆ ಕೈ ಹಾಕುವ ಮುನ್ನ: ನಾಲ್ಕು ಪಾಠಗಳು

ವಿಡಿಯೋ ಗೇಮ್ ವಿನ್ಯಾಸ ನನ್ನ ಕೆಲಸ. ಓಡುತ್ತಿರುವ ಆಟವನ್ನು ಬದಲಿಸುವ ಮಾತು ಬಂದಾಗಲೆಲ್ಲ, ಹಿಂದೆ ಎಡವಿದ ದೊಡ್ಡ ಆಟಗಳನ್ನು ತಂಡದ ಮುಂದಿಡುತ್ತೇನೆ. ಅವುಗಳಿಂದ ಕಲಿತದ್ದು ಇಷ್ಟು.

1. ಆಟಗಾರರ ದುಡಿಮೆಯನ್ನು ಅಗ್ಗ ಮಾಡಬೇಡಿ.
‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ನಲ್ಲಿ ಜೆಡೈ ಎಂಬ ಯೋಧನಾಗಲು ಬಹುಕಾಲ ಬೆವರು ಸುರಿಸಬೇಕಿತ್ತು. 2005ರ ನವೆಂಬರ್‌ನ ಬದಲಾವಣೆ 30ಕ್ಕೂ ಹೆಚ್ಚು ವೃತ್ತಿಗಳನ್ನು 9ಕ್ಕೆ ಇಳಿಸಿತು. ಹೊಸಬರೂ ಮೊದಲ ದಿನವೇ ಜೆಡೈ ಆಗಬಹುದಾಯಿತು. ಪ್ರಾಣಿ ಪಳಗಿಸಿಯೇ ಹೆಸರು ಮಾಡಿದವರ ವೃತ್ತಿ ಅಳಿಸಿಹೋಯಿತು.

2. ಕೈಗೆ ಪಳಗಿದ್ದನ್ನು ಕೇಳದೆ ಬದಲಿಸಬೇಡಿ.
‘ರೂನ್‌ಸ್ಕೇಪ್’ನ ಕಾಳಗ ನೋಡಲು ಸರಳ. ಎದುರಾಳಿಯ ಮೇಲೆ ಕ್ಲಿಕ್ ಮಾಡಿದರೆ ಏಟುಗಳು ತಾವಾಗಿ ಬೀಳುತ್ತಿದ್ದವು. ಯಾವಾಗ ಆಯುಧ ಬದಲಿಸಬೇಕು, ಯಾವಾಗ ತಿಂದು ಚೇತರಿಸಿಕೊಳ್ಳಬೇಕು ಎನ್ನುವುದರಲ್ಲಿ ಜಾಣ್ಮೆಯಿತ್ತು. 2012ರ ನವೆಂಬರ್‌ನಲ್ಲಿ ಜ್ಯಾಗೆಕ್ಸ್ ಸಂಸ್ಥೆ ಅದರ ಜಾಗಕ್ಕೆ ಸಾಲು ಸಾಲು ಗುಂಡಿಗಳ ಹೊಸ ಪದ್ಧತಿ ತಂದಿತು. ವರ್ಷಗಳ ಅಭ್ಯಾಸ ಒಂದೇ ಅಪ್‌ಡೇಟ್‌ನಲ್ಲಿ ಕೆಲಸಕ್ಕೆ ಬಾರದಾಯಿತು. ಅನೇಕರು ಆಟವನ್ನೇ ಬಿಟ್ಟರು. ಆಮೇಲೆ ಹಳೆಯ ಆಟ ಮರಳಿ ಬೇಕೇ ಎಂದು ಸಂಸ್ಥೆ ಮತ ಕೇಳಿತು. 2013ರ ಫೆಬ್ರವರಿಯಲ್ಲಿ, ಕಾಪಿಟ್ಟಿದ್ದ 2007ರ ಆಗಸ್ಟ್‌ನ ಪ್ರತಿಯಿಂದ ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಶುರುವಾಯಿತು. ಅಲ್ಲಿ ಬಹುತೇಕ ದೊಡ್ಡ ಬದಲಾವಣೆಗಳು ಆಟಗಾರರ ಮತಕ್ಕೆ ಹೋಗುತ್ತವೆ, ಮೊದಲು ಶೇ. 75ರಷ್ಟು ಒಪ್ಪಿಗೆ ಬೇಕಿತ್ತು, 2022ರಿಂದ ಶೇ. 70. ಹಾಗೆ ಕೇಳಿ ಕೇಳಿಯೇ ಹೊಸ ನಾಡು, ಹೊಸ ಸಾಹಸಗಳು ಸೇರಿಕೊಂಡಿವೆ. ಹಳೆಯ ಆಟಗಾರರು ಹೊಸತಿಗೆ ಹಗೆಗಳಲ್ಲ; ಹೇರಿದ್ದನ್ನು ಮಾತ್ರ ಒಲ್ಲರು.

3. ಖುಷಿಯ ಮೂಲಕ್ಕೆ ಅಡ್ಡದಾರಿ ತೆರೆಯಬೇಡಿ.
ರಾಕ್ಷಸರನ್ನು ಕೊಂದಾಗ ಏನು ಬೀಳುತ್ತದೋ ಎಂಬ ಕಾತರವೇ ‘ಡಯಾಬ್ಲೊ’ದ ಜೀವ. 2012ರ ಮೂರನೇ ಭಾಗದಲ್ಲಿ ನಿಜವಾದ ಹಣಕ್ಕೂ ಆಯುಧ ಸಿಗುವ ಹರಾಜುಕಟ್ಟೆ ಬಂತು. ಬೇಟೆಗಿಂತ ವ್ಯಾಪಾರವೇ ಮುಂದಾಯಿತು. 2014ರ ಮಾರ್ಚ್‌ನಲ್ಲಿ ಆಟದ ತಯಾರಕ ಸಂಸ್ಥೆ ಬ್ಲಿಜರ್ಡ್ ಅದನ್ನು ಮುಚ್ಚಿತು. ಒಳ್ಳೆಯ ಆಯುಧಗಳು ಬೇಟೆಯಲ್ಲೇ ಸಿಗುವಂತೆ ತಿದ್ದಿತು.

4. ಹೊಸದನ್ನು ಕೊಡಿ, ಹಳೆಯದನ್ನು ಕಸಿಯಬೇಡಿ.
2020ರ ‘ವಾರ್‌ಕ್ರಾಫ್ಟ್ 3: ರಿಫೋರ್ಜ್ಡ್’ 2002ರ ಮೂಲ ಆಟದವರನ್ನೂ ಹೊಸ ತಂತ್ರಾಂಶಕ್ಕೆ ಎಳೆದುತಂದಿತು, ಬಿಡುಗಡೆಯ ಹೊತ್ತಿಗೆ ಅದರಲ್ಲಿ ಶ್ರೇಯಾಂಕದ ಪಂದ್ಯಗಳೂ ಇರಲಿಲ್ಲ. 2022ರಲ್ಲಿ ‘ಓವರ್‌ವಾಚ್ 2’ ಬಂದಾಗ ಮೊದಲನೆಯದರ ಬಾಗಿಲೇ ಮುಚ್ಚಿತು. ಹೊಸ ಭಾಗ ಚೆನ್ನಾಗಿದ್ದರೆ ಜನ ತಾವಾಗಿಯೇ ಬರುತ್ತಾರೆ. ಹಳೆಯ ಸರ್ವರ್ ಓಡುತ್ತಲೇ ಇರಲಿ ಎಂದು ಪ್ರತಿ ಸಭೆಯಲ್ಲೂ ನಾನು ಪಟ್ಟು ಹಿಡಿಯುವುದು ಈ ನಂಬಿಕೆಯಿಂದಲೇ.