ಕ್ಯಾಮೆರಾ ಆರಿಸಿ ಒಮ್ಮೆ ಮಾತಾಡು ಪುಟ್ಟಿ

ಪುಟ್ಟಿ, ನಿನ್ನೆ ರಾತ್ರಿ ಒಂಬತ್ತೂವರೆಗೆ ಶುರುವಾದ ನಿನ್ನ ಮೀಟಿಂಗು ಮುಗಿಯುವಷ್ಟರಲ್ಲಿ ಅನ್ನ ಆರಿ ತಣ್ಣಗಾಗಿತ್ತು. “ಕೂತಲ್ಲೇ ಕೂತಿದ್ದೆ ಅಜ್ಜಿ, ಆದರೂ ನಾಟಿ ಹಾಕಿ ಬಂದ ಹಾಗೆ ಸುಸ್ತು” ಅಂದೆ. ನಿನ್ನ ಹಿಂದೆ ಹಾದು ಹೋಗುವಾಗ ನಾನೊಂದು ಕಂಡೆ. ಆ ಅಮೆರಿಕದವರು ಮಾತಾಡುತ್ತಿದ್ದರೆ ನಿನ್ನ ಕಣ್ಣು ಮೂಲೆಯಲ್ಲಿದ್ದ ನಿನ್ನದೇ ಮುಖದ ಮೇಲಿತ್ತು. ಎರಡು ಸಲ ಕೂದಲು ಸರಿಮಾಡಿಕೊಂಡೆ, ಒಮ್ಮೆ ಸುಮ್ಮಸುಮ್ಮನೆ ನಕ್ಕೆ.

ಎದುರಿಗೆ ಕನ್ನಡಿ ಇಟ್ಟುಕೊಂಡು ದಿನವಿಡೀ ದುಡಿ ಅಂದರೆ ಯಾರ ಕೈಲಾದೀತು? ಸ್ಟ್ಯಾನ್‌ಫರ್ಡಿನ ಪ್ರೊಫೆಸರ್ ಜೆರೆಮಿ ಬೈಲೆನ್ಸನ್ ವಿಡಿಯೋ ಮೀಟಿಂಗಿನ ದಣಿವಿನ ಬಗ್ಗೆ 2021ರಲ್ಲಿ ಬರೆದ ಕಾರಣಗಳಲ್ಲಿ ಈ ಕನ್ನಡಿಯೂ ಒಂದು. ತೀರಾ ಹತ್ತಿರದಿಂದ ದಿಟ್ಟಿಸುವ ದೊಡ್ಡ ಮುಖಗಳು, ಅಲ್ಲಾಡದೆ ಕೂರುವುದು ಬೇರೆ. ಸಾಲದ್ದಕ್ಕೆ, ಒಪ್ಪಿಗೆ ಅನ್ನುವುದನ್ನೂ ತಲೆ ಜೋರಾಗಿ ಆಡಿಸಿ ತೋರಿಸಬೇಕು! ಜೂಮಿನಲ್ಲಿ ನಿನ್ನ ಮುಖ ನಿನಗಷ್ಟೇ ಕಾಣದಂತೆ ಮಾಡುವ ‘ಹೈಡ್ ಸೆಲ್ಫ್ ವ್ಯೂ’ ಇದೆಯಲ್ಲ, ಮೊದಲು ಅದನ್ನು ಒತ್ತು.

ನಾನು ದೂರದೂರಿನ ಕರೆ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂದಲು ನರೆಸಿದವಳು. ಒಬ್ಬರ ಮುಖವನ್ನೂ ಕಂಡಿಲ್ಲ. ಸಾವಿನ ಸುದ್ದಿಯೋ, ಹೆರಿಗೆಯ ಸುದ್ದಿಯೋ, ಅವರು ಎಳೆದುಕೊಳ್ಳುವ ಉಸಿರಲ್ಲೇ ತಿಳಿಯುತ್ತಿತ್ತು. ಕೈ ಪ್ಲಗ್ಗಿನ ಮೇಲೆ, ಕಿವಿ ಲೈನಿನ ಮೇಲೆ, ಕಣ್ಣು ಮಾತ್ರ ಕಿಟಕಿಯಾಚೆಯ ಹೊಂಗೆ ಮರದಲ್ಲಿ. “ತ್ರೀ ಮಿನಿಟ್ಸ್ ಓವರ್” ಅಂದರೆ ಸಾಕು, ದುಡ್ಡು ಕಟ್ಟಿದವರು ಮಾತು ಮುಗಿಸುತ್ತಿದ್ದರು. ನಿಮ್ಮ ಮೀಟಿಂಗಿಗೆ ಹಾಗೆ ಅನ್ನುವವರೇ ಇಲ್ಲ.

ಹಾಗಂತ ಇಂಟರ್‌ವ್ಯೂನಲ್ಲಿ, ಹೊಸಬರ ಎದುರು ಮುಖ ಮರೆಸಬೇಡ. ದಿನದ ಸ್ಟ್ಯಾಂಡಪ್‌ಗೆ ಮ್ಯಾನೇಜರಿಗೆ ಮೊದಲೇ ಹೇಳಿ ಕ್ಯಾಮೆರಾ ಆರಿಸು, ಓಡಾಡುತ್ತ ಕೇಳು. ಆರಿಸಿ ಮೇಲ್ ನೋಡುತ್ತ ಕೂತೆಯೋ, ದಣಿವು ಇಮ್ಮಡಿ. ಒಂದರ ಬಾಲಕ್ಕೆ ಇನ್ನೊಂದು ಮೀಟಿಂಗು ಕಟ್ಟಲೂಬೇಡ. ಮೈಕ್ರೋಸಾಫ್ಟಿನವರು 14 ಜನರ ತಲೆಗೆ ಮಿದುಳಿನ ಅಲೆ ಅಳೆಯುವ ಇಇಜಿ ಟೋಪಿ ಹಾಕಿ ನೋಡಿದ್ದರು: ನಡುನಡುವೆ 10 ನಿಮಿಷ ಬಿಡುವು ಕೊಟ್ಟ ದಿನ ಒತ್ತಡ ಏರುತ್ತ ಹೋಗಲಿಲ್ಲ. ಅವರು ಆ ಹೊತ್ತು ಧ್ಯಾನಕ್ಕೆ ಕೂತಿದ್ದರು. ನಿನ್ನ ಹಾಗೆ ರೀಲ್ಸ್ ನೋಡುತ್ತ ಅಲ್ಲ.

ಇವತ್ತು ಮೊದಲು ಊಟ ಮಾಡು. ಆಮೇಲೆ ಹೆಡ್‌ಸೆಟ್ ಹಾಕಿಕೊಂಡು ಅಡುಗೆಮನೆಗೆ ಬಾ, ಎರಡು ಸೇರು ಅವರೆಕಾಯಿ ಬಿಡಿಸುವುದಿದೆ. ಮ್ಯೂಟ್ ಮಾಡಿಕೊಂಡಿರು, ನಾನು ಮಾತಾಡುತ್ತೇನೆ.