ಕಣಗಳನ್ನು ಕಾಣುವ ಸಿಲಿಕಾನ್ ಫಲಕಗಳು

ಮಿರಜಿನ ತಂಬೂರಿಗೆ ಸಾಮಾನ್ಯವಾಗಿ ತಂತಿಗಳು ನಾಲ್ಕು. ಅವುಗಳಲ್ಲಿ ಒಂದು ಅಪಸ್ವರ ನುಡಿದರೂ ಬಲ್ಲ ಕುಶಲಕರ್ಮಿಯು ವಾದ್ಯವನ್ನು ಕೈಬಿಡಲಾರನು. ಹಾಗಾದರೆ, ಒಂದೊಂದರಲ್ಲಿ 32 ಪಟ್ಟಿಗಳಿರುವ ಸಾವಿರ ಫಲಕಗಳನ್ನು ಪರೀಕ್ಷಿಸಬೇಕಾದವರ ಪಾಡೇನು? ಅಂಥ ಕಾರ್ಯವು ನಮ್ಮ ನಾಡಿನಲ್ಲಿಯೇ ನಡೆದಿದೆ. ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಸಿ.ಎಂ.ಎಸ್. ಪ್ರಯೋಗಕ್ಕಾಗಿ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ರೂಪಿಸಿದ ಸುಮಾರು 1000 ಸಿಲಿಕಾನ್ ಶೋಧಕಗಳನ್ನು ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯು ತಯಾರಿಸಿತು. ಪ್ರತಿ ಫಲಕವು 63 ಮಿಲಿಮೀಟರ್ ಚೌಕ, ದಪ್ಪವು 0.32 ಮಿಲಿಮೀಟರ್ ಮಾತ್ರ.

ಇದರ ಕೆಲಸದ ಬಗೆಯನ್ನು ನೋಡೋಣ. ಫಲಕಕ್ಕೆ ವಿದ್ಯುತ್ತನ್ನು ಹಿಮ್ಮುಖವಾಗಿ ಕೊಟ್ಟಾಗ ಒಳಗಿನ ಚಲಿಸುವ ವಿದ್ಯುದಂಶಗಳೆಲ್ಲ ಅಂಚಿಗೆ ಸರಿದು, ನಡುವಣ ಭಾಗವು ಬರಿದಾಗುತ್ತದೆ. ಆ ಬರಿದಾದ ಭಾಗವನ್ನು ಯಾವುದಾದರೊಂದು ಕಣವು ಹೊಕ್ಕರೆ, ದಾರಿಯುದ್ದಕ್ಕೂ ಎಲೆಕ್ಟ್ರಾನುಗಳನ್ನು ಕಿತ್ತು ಸಾಗುತ್ತದೆ. ಒಂದು ಎಲೆಕ್ಟ್ರಾನನ್ನು ಬಿಡಿಸಲು ಸರಾಸರಿ 3.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಅಮೆರಿಸಿಯಂ 241ರಿಂದ ಹೊರಡುವ ಆಲ್ಫಾ ಕಣದ ಶಕ್ತಿಯು ಸುಮಾರು 55 ಲಕ್ಷ ಎಲೆಕ್ಟ್ರಾನ್ ವೋಲ್ಟ್. ವಿದ್ಯಾರ್ಥಿಗಳು ಭಾಗಿಸಿ ನೋಡಲಿ: ಸುಮಾರು 15 ಲಕ್ಷ ಎಲೆಕ್ಟ್ರಾನುಗಳು! ಅವು ಕೂಡಿ ಒಂದು ಸಣ್ಣ ವಿದ್ಯುತ್ ಮಿಡಿತವಾಗುತ್ತವೆ. ಮಿಡಿತದ ಪ್ರಮಾಣವು ಕಣದ ಶಕ್ತಿಯನ್ನೂ, ಮಿಡಿದ ಪಟ್ಟಿಯು ಕಣವು ಹಾದ ಸ್ಥಳವನ್ನೂ ತಿಳಿಸುತ್ತವೆ.

ಪರಮಾಣು ಬೀಜಗಳು ಡಿಕ್ಕಿ ಹೊಡೆದಾಗ ಚೂರುಗಳು ಎಲ್ಲ ದಿಕ್ಕಿಗೂ ಸಿಡಿಯುವುದರಿಂದ ಒಂದೇ ಫಲಕ ಸಾಲದು. ಹಲವನ್ನು ಸಾಲಾಗಿ ಜೋಡಿಸಬೇಕು. ತೆಳು ಫಲಕದ ಹಿಂದೆ ದಪ್ಪ ಫಲಕವನ್ನಿಟ್ಟರೆ, ಮೊದಲನೆಯದರಲ್ಲಿ ಕಳೆದ ಶಕ್ತಿಗೂ ಎರಡನೆಯದರಲ್ಲಿ ಉಳಿದ ಶಕ್ತಿಗೂ ಇರುವ ಸಂಬಂಧದಿಂದ ಅದು ಪ್ರೋಟಾನೋ ಆಲ್ಫಾ ಕಣವೋ ಎಂದು ಗುರುತಿಸಬಹುದು.

ನನ್ನ ದೃಷ್ಟಿಯಲ್ಲಿ ಕಠಿನವಾದುದು ಪರೀಕ್ಷೆಯೇ. ಯಾವ ಕಣವೂ ಬಾರದಿರುವಾಗಲೂ ಫಲಕದಲ್ಲಿ ಅಲ್ಪ ವಿದ್ಯುತ್ತು ಸೋರುತ್ತಿರುತ್ತದೆ. ವೋಲ್ಟೇಜನ್ನು ಮೆಲ್ಲಮೆಲ್ಲನೆ ಏರಿಸುತ್ತ ಪ್ರತಿ ಪಟ್ಟಿಯ ಸೋರಿಕೆಯನ್ನು ಅಳೆಯಬೇಕು. ಹಠಾತ್ತನೆ ಹೆಚ್ಚಿದರೆ ಆ ಪಟ್ಟಿಯು ದೋಷಯುಕ್ತ. ಸೋರಿಕೆಯು ಸೆಕೆಯಲ್ಲಿ ಹೆಚ್ಚುವುದರಿಂದ ಉಷ್ಣತೆಯನ್ನೂ ಬರೆದಿಡಬೇಕು. ಆಲ್ಫಾ ಕಣದಿಂದ ಪರೀಕ್ಷಿಸುವಾಗ ಗಾಳಿಯನ್ನು ಹೊರತೆಗೆಯಬೇಕು. ಏಕೆಂದರೆ ಆ ಕಣವು ಗಾಳಿಯಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ಸಾಗುವಷ್ಟರಲ್ಲಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಇಷ್ಟು ಜಾಗರೂಕತೆಯೇಕೆಂದು ಪಾಲಕರು ಕೇಳಬಹುದು. ಯಂತ್ರದೊಳಗೆ ಕೂಡಿಸಿದ ಮೇಲೆ ಒಂದು ಫಲಕವನ್ನು ಬದಲಿಸುವುದು ಬಹು ಕಷ್ಟ. ಸುಳ್ಳು ನುಡಿಯುವ ಪಟ್ಟಿಯಾದರೋ ಇಲ್ಲದ ಕಣವನ್ನು ಇದೆಯೆಂದು ಸಾರೀತು.

ಬೆಳಕು ಬಿದ್ದರೂ ಸಿಲಿಕಾನಿನಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದನ್ನು ಶಾಲೆಯಲ್ಲಿಯೇ ನೋಡಬಹುದು. ಸೌರದೀಪದ ಸಣ್ಣ ಫಲಕವನ್ನು ಮೀಟರಿಗೆ ಜೋಡಿಸಿ ಬಿಸಿಲಿನಲ್ಲಿಡಿರಿ. ಬಳಿಕ ಅದನ್ನು ಕಪ್ಪು ಬಟ್ಟೆಯಿಂದ ಮುಚ್ಚಿರಿ. ಮುಳ್ಳು ಕೆಳಗಿಳಿಯುವುದನ್ನು ಕಂಡಾಗ, ಶೋಧಕಗಳನ್ನು ಕತ್ತಲೆಯ ಪೆಟ್ಟಿಗೆಯಲ್ಲಿಟ್ಟೇ ಏಕೆ ಪರೀಕ್ಷಿಸುವರೆಂಬುದು ತಿಳಿಯುತ್ತದೆ.