ಬಲ್ಬ್ ಹಿಡಿದ ಕೈ: ಛಾಯಾಗ್ರಾಹಕ ಲೋರೆನ್ ಕ್ಯಾಮರಾನ್

ನಿಮ್ಮ ಹತ್ತಿರ ಇರೋ ಡಿಎಸ್‌ಎಲ್‌ಆರ್‌ನ ಶಟರ್ ಸ್ಪೀಡ್ ಸೆಟ್ಟಿಂಗ್‌ನಲ್ಲಿ ಕೊನೆವರೆಗೂ ಹೋಗಿ ನೋಡಿ. 'ಬಲ್ಬ್' ಅಥವಾ ಬರೀ 'ಬಿ' ಅಂತ ಬರುತ್ತೆ. ಲೈಟ್ ಬಲ್ಬಿಗೂ ಇದಕ್ಕೂ ಸಂಬಂಧ ಇಲ್ಲ. ಹಳೇ ಕಾಲದ ಕ್ಯಾಮೆರಾಗಳಿಗೆ ಒಂದು ರಬ್ಬರ್ ಉಂಡೆ, ಅದರಿಂದ ಶಟರ್‌ವರೆಗೆ ಒಂದು ಉದ್ದನೆಯ ಟ್ಯೂಬ್ ಇರುತ್ತಿತ್ತು. ಉಂಡೆ ಹಿಸುಕಿದರೆ ಒಳಗಿನ ಗಾಳಿಯ ಒತ್ತಡ ಒಂದು ಪುಟ್ಟ ಪಿಸ್ಟನ್ ತಳ್ಳುತ್ತೆ, ಶಟರ್ ತೆರೆಯುತ್ತೆ. ಸರಳ ನ್ಯೂಮ್ಯಾಟಿಕ್ಸ್. ಇದರಿಂದ ಆದ ದೊಡ್ಡ ಲಾಭ ಏನು ಗೊತ್ತಾ? ಫೋಟೋ ತೆಗೆಯುವವನು ಕ್ಯಾಮೆರಾದ ಹಿಂದೆ ನಿಲ್ಲಲೇಬೇಕು ಅನ್ನೋ ನಿಯಮ ಹೋಯಿತು. ಅವನೇ ಎದುರಿಗೆ ಬಂದು ನಿಲ್ಲಬಹುದು.

ಸಾಮಾನ್ಯವಾಗಿ ಹೀಗೆ ತೆಗೆದ ಸ್ವಚಿತ್ರದಲ್ಲಿ ಬಲ್ಬನ್ನು ಬೆನ್ನ ಹಿಂದೆಯೋ ಕಾಲಿನ ಕೆಳಗೋ ಅಡಗಿಸುತ್ತಾರೆ. ಅಮೆರಿಕದ ಲೋರೆನ್ ಕ್ಯಾಮರಾನ್ ಅಡಗಿಸಲಿಲ್ಲ. ಅವರ ಹೆಸರಾಂತ ಸ್ವಚಿತ್ರಗಳಲ್ಲಿ ಬಲ್ಬ್ ಕೈಯಲ್ಲೇ ಕಾಣುತ್ತೆ. ಯಾಕೆ ಅಂತ ತಿಳಿಯಬೇಕಾದರೆ ಅವರ ಬದುಕನ್ನು ಸ್ವಲ್ಪ ನೋಡಬೇಕು.

ಯಾರಿವರು?

ಕ್ಯಾಮರಾನ್ ಹುಟ್ಟಿದ್ದು 1959ರಲ್ಲಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಹುಟ್ಟಿದಾಗ ಎಲ್ಲರೂ ಹೆಣ್ಣು ಮಗು ಅಂದರು. ತಾಯಿ ತೀರಿಕೊಂಡ ಮೇಲೆ ಬೆಳೆದದ್ದು ಅರ್ಕನ್ಸಾ ರಾಜ್ಯದ ಹಳ್ಳಿಗಾಡಿನಲ್ಲಿ. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸೇರಿದರು. ಅಲ್ಲಿ ಮೊದಲು ಲೆಸ್ಬಿಯನ್ ಬಳಗದಲ್ಲಿ ಒಬ್ಬರಾಗಿದ್ದರು. ತಾನು ಗಂಡು ಅನ್ನೋದನ್ನು ಒಪ್ಪಿಕೊಂಡು, 1987ರ ಹೊತ್ತಿಗೆ, ಅಂದರೆ ಸುಮಾರು 28ನೇ ವಯಸ್ಸಿನಲ್ಲಿ, ದೇಹವನ್ನು ಬದಲಿಸಿಕೊಳ್ಳುವ ದಾರಿಗೆ ಬಂದರು.

ಇಲ್ಲೊಂದು ಮಾತು. ಕನ್ನಡದ 'ಅವರು' ನಮಗೆ ತುಂಬಾ ಅನುಕೂಲ, ಗಂಡೋ ಹೆಣ್ಣೋ ಹೇಳದೇ ಗೌರವ ಕೊಡುತ್ತೆ. ಆದರೆ ಕ್ಯಾಮರಾನ್‌ಗೆ ಬೇಕಾಗಿದ್ದು ಬರೀ ಗೌರವ ಅಲ್ಲ, 'ಅವನು' ಅನ್ನಿಸಿಕೊಳ್ಳುವುದು. ನಾವು ಮರ್ಯಾದೆಗೆ 'ಅವರು' ಅಂತ ಬರೆದರೂ ಅದನ್ನು 'ಅವನು' ಎಂಬುದರ ಬಹುವಚನ ಅಂತಲೇ ಓದಿಕೊಳ್ಳಿ.

ಕ್ಯಾಮೆರಾ ಕೈಗೆ ಬಂದದ್ದು

ಅವರು ಫೋಟೋಗ್ರಫಿ ಡಿಗ್ರಿ ಮಾಡಿದವರಲ್ಲ. 1993ರ ಸುಮಾರಿಗೆ ತಮ್ಮ ದೇಹದಲ್ಲಿ ಆಗುತ್ತಿದ್ದ ಬದಲಾವಣೆ ದಾಖಲಿಸೋಕೆ ಕ್ಯಾಮೆರಾ ಹಿಡಿದರು. ಒಂದು ಬೇಸಿಕ್ ಕ್ಲಾಸ್ ಬಿಟ್ಟರೆ ಉಳಿದದ್ದೆಲ್ಲ ಸ್ವಂತ ಕಲಿಕೆ. ಆಮೇಲೆ ತಮ್ಮಂಥ ಬೇರೆ ಟ್ರಾನ್ಸ್ ಗಂಡಸರ ಫೋಟೋ ತೆಗೆಯತೊಡಗಿದರು. ಅದೇ 1996ರಲ್ಲಿ 'ಬಾಡಿ ಆಲ್ಕೆಮಿ' ಎಂಬ ಪುಸ್ತಕವಾಯಿತು. ಹೆಸರಿನ ಅರ್ಥ ದೇಹದ ರಸವಿದ್ಯೆ. ಕೀಳು ಲೋಹವನ್ನು ಚಿನ್ನ ಮಾಡುತ್ತೀವಿ ಅನ್ನುತ್ತಿದ್ದರಲ್ಲ, ಅದೇ ರಸವಿದ್ಯೆ. ಪುಸ್ತಕಕ್ಕೆ ಎರಡು ಲ್ಯಾಮ್ಡಾ ಸಾಹಿತ್ಯ ಪ್ರಶಸ್ತಿ ಬಂದವು.

ಅದು ಇಂಟರ್‌ನೆಟ್ ಎಲ್ಲರ ಮನೆಗೆ ಬಾರದ ಕಾಲ ಅನ್ನೋದು ನೆನಪಿರಲಿ. ಅಲ್ಲಿಯವರೆಗೆ ಟ್ರಾನ್ಸ್ ದೇಹದ ಚಿತ್ರ ಬೇಕೆಂದರೆ ಸಿಗುತ್ತಿದ್ದದ್ದು ಹೆಚ್ಚಾಗಿ ಮೆಡಿಕಲ್ ಪುಸ್ತಕದಲ್ಲಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ, ಪಕ್ಕದಲ್ಲಿ ಕೇಸ್ ವಿವರ. ಇಲ್ಲವೇ ಟಿವಿ ಶೋಗಳ ಬಾಯಿಚಪಲದಲ್ಲಿ. ಮ್ಯಾರಿಯೆಟ್ ಪಾಥಿ ಆ್ಯಲನ್ ಥರದ ಕೆಲವರು ಆಗಲೇ ಪ್ರೀತಿಯಿಂದ ಇಂಥವರ ಫೋಟೋ ತೆಗೆದಿದ್ದರು, ನಿಜ. ಆದರೆ ಆಕೆ ಹೊರಗಿನಿಂದ ಬಂದ ಸ್ನೇಹಿತೆ. ಕ್ಯಾಮರಾನ್ ಒಳಗಿನವರು.

ಚಿತ್ರಗಳನ್ನು ಓದೋಣ

ಒಂದು ಸರಣಿಯಲ್ಲಿ ಒಬ್ಬೊಬ್ಬರ ಹಳೇ ಫೋಟೋ, ಪಕ್ಕದಲ್ಲಿ ಈಗಿನ ಫೋಟೋ ಇದೆ. ಜೊತೆಗೆ ಅವರದೇ ಮಾತು. ಕಣ್ಣಿಗೆ ಪಟ್ಟಿ ಇಲ್ಲ, ಎಲ್ಲರೂ ನೇರವಾಗಿ ನಮ್ಮನ್ನೇ ನೋಡ್ತಾರೆ. ಕೇಸ್ ನಂಬರ್ ಇದ್ದ ಜಾಗಕ್ಕೆ ಮನುಷ್ಯ ಬಂದ.

'ಡಿಸ್ಟಾರ್ಷನ್ಸ್' ಎಂಬ ಇನ್ನೊಂದು ಗುಂಪಿನಲ್ಲಿ ಕ್ಯಾಮರಾನ್‌ರ ಮುಖದ ಸುತ್ತ ಚೌಕಟ್ಟಿನ ಹಾಗೆ ಅಕ್ಷರಗಳಿವೆ. ಜನ ಅವರಿಗೆ ಎಸೆದ ಮಾತುಗಳು. ನೀನು ಗಂಡಸೇ ಅಲ್ಲ ಅನ್ನುವವರು ಒಂದು ಕಡೆ, ನೀನು ಗಂಡಸು, ನಮ್ಮ ಜೊತೆ ನಿನಗೆ ಜಾಗ ಇಲ್ಲ ಅನ್ನುವವರು ಇನ್ನೊಂದು ಕಡೆ. ಎರಡೂ ಮಾತಿನ ನಡುವೆ ಇಕ್ಕಟ್ಟಿನಲ್ಲಿ ಒಂದು ಮುಖ. ಫೋಟೋದ ಫ್ರೇಮನ್ನೇ ಅರ್ಥವಾಗಿ ಬಳಸಿದ ರೀತಿ ಗಮನಿಸಿ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು 'ಗಾಡ್ಸ್ ವಿಲ್', ಅಂದರೆ ದೈವೇಚ್ಛೆ. ಹಚ್ಚೆ ತುಂಬಿದ, ಜಿಮ್‌ನಲ್ಲಿ ಕಟ್ಟಿದ ಬೆತ್ತಲೆ ದೇಹ, ಬಾಡಿಬಿಲ್ಡರ್ ಭಂಗಿ, ಟೆಸ್ಟೊಸ್ಟೆರೋನ್ ಸಿರಿಂಜ್. ಜೊತೆಗೆ ಆ ಬಲ್ಬ್. ದೇವರು ಹೀಗೆ ಮಾಡಿದ ಅನ್ನೋರಿಗೂ, ಡಾಕ್ಟರ್ ಹೀಗೆ ಮಾಡಿದ ಅನ್ನೋರಿಗೂ ಉತ್ತರ ಆ ಕೈಯಲ್ಲಿದೆ. ದೇಹ ಕಟ್ಟಿದವನೂ ಇವನೇ, ಚಿತ್ರ ತೆಗೆದವನೂ ಇವನೇ. ಬಲ್ಬ್ ಅಡಗಿಸಿದ್ದರೆ ಇನ್ಯಾರೋ ತೆಗೆದ ಬೆತ್ತಲೆ ಚಿತ್ರ ಅನ್ನಿಸಿಬಿಡುತ್ತಿತ್ತು.

ಟೀಕೆಗೂ ಜಾಗ ಇದೆ. ಮಾಂಸಖಂಡ ಉಬ್ಬಿದವನೇ ಗಂಡಸು ಅನ್ನೋ ಹಳೇ ಅಚ್ಚನ್ನೇ ಈ ಚಿತ್ರಗಳು ಮತ್ತೆ ಒತ್ತುತ್ತವಲ್ಲವೇ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನೀನು ಗಂಡಸಲ್ಲ ಅಂತ ದಿನಾ ಕೇಳಿಸಿಕೊಳ್ಳುವವನಿಗೆ ಆ ಅಚ್ಚು ಬಿಟ್ಟುಕೊಡೋದು ನಮ್ಮಷ್ಟು ಸುಲಭ ಅಲ್ಲ.

ನಮಗೇನು?

ಕ್ಯಾಮರಾನ್ 2022ರ ನವೆಂಬರ್‌ನಲ್ಲಿ, 63ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಈಗ ಕಾರ್ನೆಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಒಂದು ಕಾಲಕ್ಕೆ ತನ್ನಂಥವರ ಚಿತ್ರವೇ ಸಿಗದ ಮನುಷ್ಯ, ಮುಂದಿನವರು ಹುಡುಕಿದರೆ ಸಿಗುವಂತೆ ಮಾಡಿ ಹೋದ.

ನಾವು ಫೋಟೋವಾಕ್ ಅಂತ ಹೋಗ್ತೀವಿ. ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟುವ ಮಂಗಳಮುಖಿಯ ಮುಖಕ್ಕೆ ದೂರದಿಂದ ಜೂಮ್ ಹಾಕಿ, ಬ್ಲ್ಯಾಕ್ ಅಂಡ್ ವೈಟ್ ಮಾಡಿ, 'ಬದುಕಿನ ಬಣ್ಣ' ಅಂತ ಕ್ಯಾಪ್ಷನ್ ಕೊಟ್ಟು ಹಾಕಿದರೆ ಲೈಕ್ ಬರುತ್ತೆ. ಆಕೆಯ ಹೆಸರು ನಮಗೆ ಗೊತ್ತಿರಲ್ಲ. ಆ ಚಿತ್ರ ಆಕೆಗೆ ಇಷ್ಟವಾಗುತ್ತಾ ಅಂತ ಕೇಳಿರಲ್ಲ. ಕಣ್ಣಿಗೆ ಕಪ್ಪು ಪಟ್ಟಿ ಇಲ್ಲ ಅನ್ನೋದು ಬಿಟ್ಟರೆ ಅದಕ್ಕೂ ಮೆಡಿಕಲ್ ಪುಸ್ತಕದ ಚಿತ್ರಕ್ಕೂ ಏನು ವ್ಯತ್ಯಾಸ?

ಮುಂದಿನ ಸಲ ಹೀಗೆ ಮಾಡಿ ನೋಡಿ. ಹತ್ತಿರ ಹೋಗಿ ಹೆಸರು ಕೇಳಿ, ಫೋಟೋ ತೆಗೆಯಲಾ ಅಂತ ಕೇಳಿ. ಬೇಡ ಅಂದರೆ ಕ್ಯಾಮೆರಾ ಇಳಿಸಿ. ಸರಿ ಅಂದರೆ ತೆಗೆದದ್ದನ್ನು ಸ್ಕ್ರೀನ್‌ನಲ್ಲಿ ತೋರಿಸಿ, ಯಾವುದು ಇಟ್ಟುಕೊಳ್ಳಲಿ ಅಂತ ಅವರನ್ನೇ ಕೇಳಿ. ಟ್ರೈಪಾಡ್ ಇದ್ದರೆ ರಿಮೋಟನ್ನು ಅವರ ಕೈಗೇ ಕೊಡಿ. ಯಾವಾಗ ಒತ್ತಬೇಕು ಅನ್ನೋದು ಅವರಿಗೆ ಗೊತ್ತಿರುತ್ತೆ.